ಹೆರಿಗೆಗೆ ನಾಲ್ಕು ಗಂಟೆ ಮೊದಲು

ಶಹಾಬಾದ
14 ಜನವರಿ 2024

ಶಿವರಂಜನಿ ಸಿಸ್ಟರ್ ಅವರಿಗೆ,

ನಾನು ಪ್ರೀತಿ, ಅಂಬರೇಶನ ಹೆಂಡತಿ. ಹೆಸರು ನೋಡಿ ಹರಿದು ಹಾಕಬೇಡಿ, ಕೊನೆತನಕ ಓದಿ. ನಿಮ್ಮ ಚಿಂಚೋಳಿ ವಿಳಾಸ ಕೇಸಿನ ಕಾಗದದಲ್ಲಿ ಸಿಕ್ಕಿತು. ಗಂಡ ಜಾಮೀನಿನ ಮೇಲೆ ಹೊರಬಂದಿದ್ದಾನೆ, ಮನೆಯಲ್ಲಿ ಫೋನು ಅವನ ಕೈಯಲ್ಲಿರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಮಾರ್ಚ್‌ನಲ್ಲಿ ನೀವಿದ್ದ ಆ ನರ್ಸಿಂಗ್ ಹೋಮಿನಲ್ಲಿ ನನ್ನ ಚೊಚ್ಚಲ ಹೆರಿಗೆಯಾಯಿತು. ಹೆಣ್ಣು ಕೂಸು. ಮೂವತ್ತೊಂದು ಗಂಟೆ ಬದುಕಿತ್ತು. ಆಮೇಲೆ ದವಾಖಾನೆಯಲ್ಲಿ ಗಲಾಟೆಯಾಗಿ ನಿಮಗೆ ಪೆಟ್ಟಾಯಿತು. ಅದರ ಬಗ್ಗೆ ಹೇಗೆ ಬರೆಯಬೇಕೋ ನನಗೆ ತಿಳಿಯುವುದಿಲ್ಲ.

ನನಗೆ ಮತ್ತೆ ಮೂರು ತಿಂಗಳು ತುಂಬಿದೆ. ಕೂಸು ತೀರಿದ ನಾಲ್ಕು ದಿನಕ್ಕೆ ಕಲಬುರಗಿಯಿಂದ ಅದರ ರಕ್ತದ ರಿಪೋರ್ಟ್ ಬಂದಿತ್ತು. ಅದರಲ್ಲಿ ‘ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್’ ಎಂದಿದೆ. ಅಕ್ಷರ ಕೂಡಿಸಿ ಓದಿದೆ, ಅರ್ಥವಾಗಲಿಲ್ಲ. ಅದು ನನ್ನಿಂದ ಬಂದದ್ದೇ? ಅತ್ತೆ ಮರೆಮ್ಮ “ನಿನ್ನ ಹೊಟ್ಟ್ಯಾಗೇ ವಿಷ ಅದ” ಎನ್ನುತ್ತಾಳೆ. ಈ ಕೂಸಿಗೂ ಹಾಗೇ ಆಗುತ್ತದೆಯೇ? ಇಲ್ಲಿ ಯಾವ ಡಾಕ್ಟರ್ ಹತ್ತಿರ ಹೋದರೂ ಗಂಡನ ಹೆಸರು ಕೇಳಿದ ಕೂಡಲೇ ಮುಖ ತಿರುಗಿಸುತ್ತಾರೆ. ಕೇಳಲು ನೀವೊಬ್ಬರೇ ಉಳಿದಿರಿ.

ಉತ್ತರವನ್ನು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಭೀಮಮ್ಮನ ಹೆಸರಿಗೆ ಬರೆಯಿರಿ. ಆಕೆ ಯಾರಿಗೂ ಹೇಳುವುದಿಲ್ಲ.

ಪ್ರೀತಿ


ಚಿಂಚೋಳಿ
30 ಜನವರಿ 2024

ಪ್ರೀತಿ ಅವರಿಗೆ,

ನೀವು ‘ಗಲಾಟೆ’ ಎಂದು ಬರೆದಿದ್ದೀರಿ. ಏನಾಯಿತೆಂದು ನಾನು ಹೇಳುತ್ತೇನೆ, ಏಕೆಂದರೆ ಬಿದ್ದವಳು ನಾನು.

ಸಂಜೆ ಆರೂವರೆಗೆ ಕೂಸಿನ ಹೆಣ ಹೊತ್ತುಕೊಂಡು ನಿಮ್ಮ ಗಂಡ ಬಂದ. ಅವನ ಹಿಂದೆ, ಅವನು ದುಡಿಯುವ ಫರಸಿ ಕಲ್ಲಿನ ಪಾಲಿಶ್ ಯಾರ್ಡಿನ ಹದಿನೈದು ಜನರಿದ್ದರು. ಡಾಕ್ಟರ್ ಹಿಂದಿನ ಬಾಗಿಲಿನಿಂದ ಓಡಿದರು. ಬಂದವರು ಗಾಜಿನ ಕಪಾಟುಗಳನ್ನು ಒಡೆದರು. ಅಂಬರೇಶ ಸಲೈನ್ ಹಾಕುವ ಕಬ್ಬಿಣದ ಸ್ಟ್ಯಾಂಡ್ ಕಿತ್ತುಕೊಂಡ. ಮೊದಲ ಏಟಿಗೆ ಎಡ ಮುಂಗೈಯ ಎರಡೂ ಮೂಳೆಗಳು ಮುರಿದವು, ನಾನೇ ಸದ್ದು ಕೇಳಿಸಿಕೊಂಡೆ. ಎರಡನೆಯದು ಕಿವಿಯ ಮೇಲೆ ಬಿತ್ತು. ಆಮೇಲೆ ಆ ಕಿವಿಗೆ ಏನೂ ಕೇಳಿಲ್ಲ. ನಿಮ್ಮ ಮಾವನ ತಮ್ಮ ವಿಠೋಬಾ ನನ್ನ ಜಡೆ ಹಿಡಿದು ಗಾಜಿನ ಚೂರುಗಳ ಮೇಲೆ ಮೆಟ್ಟಿಲ ತನಕ ಎಳೆದ. ಬೆನ್ನಿಗೆ ಇಪ್ಪತ್ತಾರು ಹೊಲಿಗೆ. ಎಡಗೈಯಲ್ಲಿ ಉಕ್ಕಿನ ಪಟ್ಟಿ ಇದೆ, ಕೂಸನ್ನು ಎತ್ತಲು ಆಗುವುದಿಲ್ಲ. ಹನ್ನೆರಡು ವರ್ಷ ಹೆರಿಗೆ ಮಾಡಿಸಿದವಳು ಈಗ ಇಲ್ಲಿನ ದವಾಖಾನೆಯಲ್ಲಿ ಹೊರರೋಗಿಗಳ ಚೀಟಿ ಬರೆಯುತ್ತೇನೆ.

ಕೇಸು ವಿಚಾರಣೆಗೆ ಬರುವ ಹೊತ್ತಿಗೇ ನಿಮ್ಮ ಕಾಗದ ಬಂದದ್ದು ಯಾಕೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ರಾಜಿ ಇಲ್ಲ. ಮನೆಯವರಿಗೆ ಹೇಳಿ.

ಆದರೂ ಬಸುರಿ ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ಕೆಲಸ. ಅದು ವಿಷವಲ್ಲ, ಕೊಳಕಿನಿಂದ ಬಂದ ರೋಗವೂ ಅಲ್ಲ. ನಾಲ್ಕೈದು ಹೆಂಗಸರಲ್ಲಿ ಒಬ್ಬರ ಮೈಯೊಳಗೆ ಇರುವ ಸೂಕ್ಷ್ಮಜೀವಿ. ತಾಯಿಗೆ ಇದ್ದದ್ದೇ ಗೊತ್ತಾಗುವುದಿಲ್ಲ. ಹೆರಿಗೆಯಲ್ಲಿ ಕೂಸಿಗೆ ದಾಟುತ್ತದೆ, ಹೆಚ್ಚಿನ ಕೂಸುಗಳಿಗೆ ಏನೂ ಆಗುವುದಿಲ್ಲ, ಕೆಲವನ್ನು ಒಂದೇ ದಿನದಲ್ಲಿ ಕೊಲ್ಲುತ್ತದೆ. ಮೂವತ್ತಾರನೇ ವಾರದಲ್ಲಿ ಹತ್ತಿಯ ಕಡ್ಡಿಯಿಂದ ಒರೆಸಿ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ನಮ್ಮ ಕಡೆ ಎಲ್ಲರಿಗೂ ಮಾಡುವ ರೂಢಿ ಇಲ್ಲ. ಒಂದು ಕೂಸಿಗೆ ಬಂದಿದ್ದರಿಂದ ನಿಮಗೆ ಪರೀಕ್ಷೆಗಾಗಿ ಕಾಯಬೇಕಾಗಿಲ್ಲ. ನೋವು ಶುರುವಾದ ಅಥವಾ ನೀರು ಹೋದ ಕೂಡಲೇ ದವಾಖಾನೆ ಸೇರಿ. ರಕ್ತನಾಳಕ್ಕೆ ಪೆನಿಸಿಲಿನ್ ಹಾಕಬೇಕು, ಕೂಸು ಹೊರಬರುವ ನಾಲ್ಕು ಗಂಟೆ ಮೊದಲಾದರೂ. ತಿಂಗಳು ಮೊದಲೇ ಮಾತ್ರೆ ನುಂಗಿದರೆ ಉಪಯೋಗವಿಲ್ಲ.

ಮತ್ತೆ ಬರೆಯಬೇಡಿ.

ಶಿವರಂಜನಿ


ಶಹಾಬಾದ
19 ಫೆಬ್ರವರಿ 2024

ಸಿಸ್ಟರ್,

ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ. ನಿಮ್ಮ ಮೂಳೆ, ನಿಮ್ಮ ಹೊಲಿಗೆ ಎಣಿಸಿ ಹೇಳಿದಿರಿ. ನನ್ನದನ್ನೂ ಕೇಳಿ.

ಮಧ್ಯಾಹ್ನ ಕೂಸು ಮೊಲೆ ಹಿಡಿಯಲಿಲ್ಲ. ನಿಮ್ಮನ್ನು ಕರೆದೆ. “ದಣದದ, ಮಲಗಲಿ ಬಿಡ್ರಿ” ಎಂದಿರಿ. ಸಂಜೆ ಒಂದೊಂದು ಉಸಿರಿಗೂ ಮುಲುಕತೊಡಗಿತು, ಭಾರ ಹೊತ್ತವರ ಹಾಗೆ. ಮತ್ತೆ ಕರೆದೆ. “ಥಂಡಿ ಆಗ್ಯದ, ಬೆಚ್ಚಗ ಸುತ್ತ್ರಿ” ಎಂದಿರಿ. ಮರುದಿನ ಬೆಳಗ್ಗೆ ತುಟಿ ನೀಲಿಯಾಗಿತ್ತು. ಹನ್ನೊಂದಕ್ಕೆ ಫಿಟ್ಸ್ ಬಂತು. ಅಷ್ಟು ಸಣ್ಣ ಮೈ ಬಿಲ್ಲಿನಂತೆ ಬಾಗಿ ಸೆಟೆದು ಮುಷ್ಟಿ ಬಿಗಿಯಿತು. ನಾನು ಚೀರಿದಾಗ ನಿಮ್ಮ ಡಾಕ್ಟರ್ ಬಂದರು. ಮೂರು ಸಲ ಕರೆದಿದ್ದೆ ಸಿಸ್ಟರ್. ಮೂರನೆಯ ಸಲ ಕೂಸಿನ ಹತ್ತಿರ ಬಂದಿರಿ.

ಕಲಬುರಗಿಗೆ ಒಯ್ಯುವಾಗ ನನ್ನನ್ನು ಕರೆದೊಯ್ಯಲಿಲ್ಲ. ಅತ್ತೆಯ ಮಡಿಲಲ್ಲಿ ಅದು ಏಳು ಸಲ ಸೆಟೆಯಿತಂತೆ. ಅಲ್ಲಿ ರಕ್ತ ತೆಗೆಯುತ್ತಿದ್ದಾಗಲೇ ಜೀವ ಹೋಯಿತಂತೆ. ಹೆಸರೂ ಇಟ್ಟಿರಲಿಲ್ಲ.

ರಾಜಿಗೆ ನಾನು ಬರೆದದ್ದಲ್ಲ. ನನ್ನ ಗಂಡನಿಗೆ ಶಿಕ್ಷೆಯಾದರೆ ಆಗಲಿ. ನಾನು ಕೇಳಿದ್ದು ಕೂಸಿನ ವಿಷಯ ಮಾತ್ರ. ನಾಲ್ಕು ಗಂಟೆ ಎಂದು ಬರೆದಿರಿ. ನನಗೆ ಅವತ್ತು ನೋವು ಹನ್ನೊಂದು ಗಂಟೆ ಇತ್ತು. ಆ ಇಂಜೆಕ್ಷನ್ ಯಾಕೆ ಹಾಕಲಿಲ್ಲ?

ಪ್ರೀತಿ


ಚಿಂಚೋಳಿ
6 ಏಪ್ರಿಲ್ 2024

ಪ್ರೀತಿ,

ಮೊನ್ನೆ ಗುರುವಾರ ಬೆಳಗ್ಗೆ ಹತ್ತಕ್ಕೆ ವಿಠೋಬಾ ನಾಲ್ಕು ಜನರೊಂದಿಗೆ ನಮ್ಮ ಮನೆಗೆ ಬಂದ. ನಾನು ಕೆಲಸದಲ್ಲಿದ್ದೆ. ನಮ್ಮ ಅಪ್ಪ ಗುರುಲಿಂಗಯ್ಯ, ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು, ಎಪ್ಪತ್ತೊಂದು ವರ್ಷ, ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು.

“ಮಗಳಿಗಿ ಸಾಕ್ಷಿ ಹೇಳಬ್ಯಾಡಂತ ಹೇಳು, ಮುದುಕಾ.”

“ಆಕಿ ಕಂಡದ್ದು ಆಕಿ ಹೇಳ್ತಾಳ. ನಾ ಯಾಕ ತಡೀಲಿ?” ಎಂದರಂತೆ ಅಪ್ಪ.

ಕಾಲು ಹಿಡಿದು ಕಟ್ಟೆಯಿಂದ ಎಳೆದು ಕೆಡವಿದರು. ಬಿದ್ದವರ ಪಕ್ಕೆಗೆ ಒದ್ದರು. ತೊಡೆಯ ಮೂಳೆ ಮುರಿದಿದೆ, ಎರಡು ಪಕ್ಕೆಲುಬು ಮುರಿದಿವೆ. ಹೋಗುವಾಗ ವಿಠೋಬಾ ಹೇಳಿದ್ದು: “ನಿನ್ನ ಮಗಳು ನಮ್ಮ ಸೊಸಿಗಿ ಕಾಗದ ಬರದಾಳ. ನಮಗ ಎಲ್ಲ ಗೊತ್ತದ.”

ನನ್ನ ಕಾಗದವನ್ನು ನೀವೇ ಕೊಟ್ಟಿರಿ. ಬಸುರಿ ಎಂದು ಮರುಗಿ ಉತ್ತರಿಸಿದ್ದಕ್ಕೆ ಇದು ಪ್ರತಿಫಲ. ಪೊಲೀಸರಿಗೆ ನಿಮ್ಮ ಹೆಸರನ್ನೂ ಕೊಟ್ಟಿದ್ದೇನೆ.

ಶಿವರಂಜನಿ


ಶಹಾಬಾದ
25 ಏಪ್ರಿಲ್ 2024

ಸಿಸ್ಟರ್,

ಪೊಲೀಸರು ಬಂದಿದ್ದರು. ನನ್ನ ಮುಖ ನೋಡಿ ಏನೂ ಕೇಳದೆ ಹೋದರು.

ನಿಮ್ಮ ಕಾಗದ ಕೌದಿಯ ಹೊಲಿಗೆಯೊಳಗೆ ಇತ್ತು. ಬಿಸಿಲಿಗೆ ಹಾಕಿದಾಗ ಅಂಬರೇಶನಿಗೆ ಸಿಕ್ಕಿತು. “ನನ್ನ ಜೈಲಿಗಿ ಹಾಕಿದಾಕಿ ಜೋಡಿ ದೋಸ್ತಿ ಮಾಡ್ತೀಯೇನ?” ಎಂದು ಮುಷ್ಟಿಯಿಂದ ಬಾಯಿಗೆ ಗುದ್ದಿದ. ಎರಡು ಹಲ್ಲು ಬಿದ್ದವು. ಹೊಟ್ಟೆಗೆ ಪೆಟ್ಟು ಬೀಳದಿರಲೆಂದು ಗೋಡೆಗೆ ಮುಖ ಮಾಡಿ ಮುದುಡಿ ಕೂತೆ, ಬೆಲ್ಟಿನಿಂದ ಬೆನ್ನಿಗೆ ಹೊಡೆದ. ಕಡೆಗೆ ಬೆಲ್ಟ್ ಬಿಸಾಕಿ ತಾನೇ ಅಳುತ್ತ ಕೂತ. ಮಗಳ ಹೆಣ ತಂದಂದಿನಿಂದ ಅವನಿಗೆ ಹೊಡೆಯುವುದು, ಅಳುವುದು ಎರಡೇ ಗೊತ್ತು. ಆ ಕಾಗದವನ್ನು ವಿಠೋಬಾ ಓದಿಸಿಕೊಂಡ. ನಿಮ್ಮ ಅಪ್ಪನಿಗೆ ಆದದ್ದು ನನ್ನ ಕೌದಿಯಿಂದ ಆದದ್ದು, ನನ್ನ ಮನಸ್ಸಿನಿಂದಲ್ಲ.

ಇನ್ನೊಂದು ಇದೆ. ಇದನ್ನು ಪೊಲೀಸರಿಗೂ ಹೇಳಿಲ್ಲ. ಅವತ್ತು ಅಂಬರೇಶ ಹೆಣ ಹಿಡಿದು ಸುಮ್ಮನೆ ನಿಂತಿದ್ದ. ಅವನಿಗೆ ಏನು ಮಾಡಬೇಕೆಂದೇ ತಿಳಿದಿರಲಿಲ್ಲ. ನಾನು ಮಂಚದಿಂದ ಇಳಿದು ಬಂದು, ನಿಮ್ಮ ಕಡೆ ಕೈಮಾಡಿ ಕೂಗಿದೆ: “ಇಕಿನೇ ಕೊಂದಾಳ! ಬಿಡಬ್ಯಾಡ್ರಿ, ಬಡೀರಿ ಇಕಿಗಿ!” ಆಮೇಲೆಯೇ ಅವನು ಕೂಸನ್ನು ತನ್ನ ತಾಯಿಯ ಕೈಗೆ ಕೊಟ್ಟು ಆ ಸ್ಟ್ಯಾಂಡ್ ಹಿಡಿದದ್ದು. ನೀವು ಮೆಟ್ಟಿಲ ಮೇಲೆ ಬಿದ್ದಾಗ ನಾನು ನೋಡುತ್ತಿದ್ದೆ. ಸಾಕು ಎನ್ನಲಿಲ್ಲ. ಇನ್ನಷ್ಟು ಹೊಡೆಯಲಿ ಅನ್ನಿಸಿತ್ತು.

ನೀವು ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಪ್ರೀತಿ


ಚಿಂಚೋಳಿ
13 ಮೇ 2024

ಪ್ರೀತಿ,

ನೀವು ಕೂಗಿದ್ದು ನನಗೆ ಗೊತ್ತಿತ್ತು. ಆಗ ನನಗೆ ಎರಡೂ ಕಿವಿ ಕೇಳುತ್ತಿದ್ದವು. ಪೊಲೀಸರಿಗೆ ನಾನೂ ಹೇಳಲಿಲ್ಲ. ಬಾಣಂತಿಯ ಮೇಲಿನ ಕರುಣೆಯಿಂದಲ್ಲ, ನೀವು ಕೂಗಿದ್ದರಲ್ಲಿ ಅರ್ಧ ನಿಜವಿತ್ತು ಎಂಬ ಕಾರಣಕ್ಕೆ.

ನಿಮಗೆ ಆ ಮೊದಲ ಬಸುರಿನ ಏಳನೇ ತಿಂಗಳಲ್ಲಿ ಉರಿಮೂತ್ರ ಮತ್ತು ಜ್ವರ ಬಂದಿತ್ತು, ನೆನಪಿರಬಹುದು. ಮೂತ್ರದ ಕಲ್ಚರ್ ಪರೀಕ್ಷೆಗೆ ಕಳಿಸಿದ್ದೆವು. ರಿಪೋರ್ಟ್ ಬಂದದ್ದು ನನ್ನ ಮೇಜಿಗೆ. ಅದರಲ್ಲಿ ಇದೇ ಜೀವಿಯ ಹೆಸರಿತ್ತು. ಮೂತ್ರದಲ್ಲಿ ಕಂಡರೆ ಆಗಲೇ ಔಷಧ ಕೊಡಬೇಕು, ಹೆರಿಗೆಯಲ್ಲಿ ತಪ್ಪದೇ ಪೆನಿಸಿಲಿನ್ ಹಾಕಬೇಕು. ಡಾಕ್ಟರ್ ಆ ವಾರ ರಜೆಯಲ್ಲಿದ್ದರು. ಬಂದಮೇಲೆ ತೋರಿಸೋಣ ಎಂದು ಫೈಲಿನೊಳಗೆ ಇಟ್ಟೆ. ಮರೆತೆ. ಹೆರಿಗೆಯ ದಿನ ಆ ಫೈಲ್ ಹನ್ನೊಂದು ಗಂಟೆ ನನ್ನ ಎದುರಿಗಿತ್ತು, ತೆರೆದು ಹಿಂದಿನ ಹಾಳೆ ನೋಡಲಿಲ್ಲ. ನೋಡಿದ್ದು ಕೂಸು ಹುಟ್ಟಿ ನಾಲ್ಕು ಗಂಟೆಯಾದ ಮೇಲೆ, ಕೇಸ್ ಶೀಟ್ ಬರೆಯುವಾಗ. ಆಗಲೂ ಹೇಳಬಹುದಿತ್ತು. ಕೂಸು ಚೆನ್ನಾಗಿ ಅತ್ತಿದೆ, ಏನೂ ಆಗುವುದಿಲ್ಲ, ಸುಮ್ಮನೆ ಬೈಸಿಕೊಳ್ಳುವುದೇಕೆ ಎಂದುಕೊಂಡೆ. ನೀವು ಎರಡು ಸಲ ಕರೆದಾಗ ನನಗೆ ಗೊತ್ತಿತ್ತು. ಗೊತ್ತಿದ್ದೇ ‘ಥಂಡಿ’ ಎಂದೆ.

ಮರುದಿನ ಸಂಜೆ ಐದಕ್ಕೆ ಕಲಬುರಗಿಯಿಂದ ಫೋನ್ ಬಂತು, ಕೂಸು ತೀರಿತೆಂದು. ನಾನು ಮೊದಲು ಮಾಡಿದ ಕೆಲಸ, ಆ ಹಾಳೆಯನ್ನು ಫೈಲಿನಿಂದ ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡದ್ದು. ಆಮೇಲೆ ನಿಮಗೆ ಚಹಾ ತಂದೆ. “ಫೋನ್ ಬಂತೇನ್ರಿ ಸಿಸ್ಟರ್?” ಎಂದಿರಿ. “ಇನ್ನಾ ಇಲ್ರೀ, ಚಹಾ ಕುಡೀರಿ” ಎಂದೆ. ನಿಮ್ಮ ಗಂಡ ನನ್ನನ್ನು ಹೊಡೆಯುವಾಗ ಆ ಹಾಳೆ ನನ್ನ ಜೇಬಿನಲ್ಲೇ ಇತ್ತು. ಈಗಲೂ ನನ್ನ ಹತ್ತಿರ ಇದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಜೊತೆಗಿರುವ ಚೀಟಿ ನೋಡಿ. ನಿಮ್ಮ ಹೆಸರು, ಮೊದಲ ಕೂಸಿಗೆ ಆದದ್ದು, ಯಾವ ಔಷಧ, ಎಷ್ಟು, ಯಾವಾಗ, ಎಲ್ಲ ಇದೆ. ಇಲ್ಲಿನ ಡಾಕ್ಟರಮ್ಮನ ಸಹಿ ಮಾಡಿಸಿದ್ದೇನೆ. ಯಾವ ದವಾಖಾನೆಗೆ ಹೋದರೂ ಮೊದಲು ಇದನ್ನು ತೋರಿಸಿ. ನನ್ನ ಕಾಗದ ಸುಟ್ಟರೂ ಚೀಟಿ ಸುಡಬೇಡಿ.

ಶಿವರಂಜನಿ


ಚಿತ್ತಾಪುರ
15 ಜುಲೈ 2024

ಸಿಸ್ಟರ್,

ನಿಮ್ಮ ಕಾಗದ ಓದಿ ಹಿತ್ತಿಲಿಗೆ ಹೋಗಿ ಕಲ್ಲಿಗೆ ಹಣೆ ಬಡಿದುಕೊಂಡೆ. ಅವತ್ತು ನಿಮ್ಮ ಬಲಗೈಯನ್ನೂ ಮುರಿಯಬೇಕಿತ್ತು ಅನ್ನಿಸಿತು. ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ಚೀಟಿಯನ್ನು ಮಾತ್ರ ಭೀಮಮ್ಮನ ಮನೆಯಲ್ಲಿ ಇಟ್ಟಿದ್ದೆ.

ಹನ್ನೊಂದನೇ ತಾರೀಖು ಬೆಳಗ್ಗೆ ಏಳಕ್ಕೆ ನೀರು ಹೋಯಿತು. ದವಾಖಾನೆಗೆ ಹೋಗೋಣ ಎಂದೆ. ಅಂಬರೇಶ ಯಾರ್ಡಿನಿಂದ ತಂದ ಕಬ್ಬಿಣದ ಹಾರೆ ಹಿಡಿದು ಬಾಗಿಲಿಗೆ ಅಡ್ಡ ಕೂತ.

“ಒಂದು ಕೂಸು ದವಾಖಾನ್ಯಾಗ ಕೊಂದಾರ. ಇದು ಮನ್ಯಾಗೇ ಹುಟ್ಟಲಿ. ಹೊರಗ ಕಾಲಿಟ್ಟರ ಕಾಲೇ ಮುರೀತೀನಿ.”

ಚೀಟಿಯ ವಿಷಯ ಹೇಳಿದೆ. ನಿಮ್ಮ ಹೆಸರು ಕೇಳಿ ಎದ್ದುಬಂದು ಕುತ್ತಿಗೆ ಹಿಸುಕಿದ. ನಾನು ಅವನ ಕೈ ಕಚ್ಚಿದೆ, ಮಾಂಸ ಬರುವ ಹಾಗೆ. ನೆಲಕ್ಕೆ ಬಿದ್ದೆ. ನೋವು ಬರತೊಡಗಿತು. ನಾನು ಗಂಟೆ ನೋಡುತ್ತಿದ್ದೆ. ಎಂಟಾಯಿತು, ಎಂಟೂವರೆ ಆಯಿತು.

ಅತ್ತೆ ಅಲ್ಲಿತನಕ ಒಲೆಯ ಮುಂದೆ ಕೂತಿದ್ದಳು. “ನಾಕು ತಾಸು ಅಂದ್ಯಲ್ಲ, ಖರೇ ಏನ?” ಎಂದಳು. ಖರೇ ಎಂದೆ. ಎದ್ದು ಕಟ್ಟಿಗೆ ಕೊಡಲಿ ತಂದು, ತಿರುಗಿಸಿ ಹಿಡಿದು, ಅದರ ಮೊಂಡು ಬದಿಯಿಂದ ಮಗನ ಮೊಣಕಾಲಿಗೆ ಹೊಡೆದಳು. ಅವನು ಬಿದ್ದ. ಏಳಲು ಹೋದಾಗ ಭುಜಕ್ಕೆ ಇನ್ನೊಂದು ಕೊಟ್ಟಳು. “ಏಳು ಸಲ ಸೆಟೀತು ನನ್ನ ಉಡಿಯಾಗ. ಎಂಟನೇದು ನೋಡಾಕ ನನ ಕೈಲಿ ಆಗಂಗಿಲ್ಲೋ, ಅಂಬರೇಶ” ಎಂದಳು. ಅವನು ಕಾಲು ಹಿಡಿದುಕೊಂಡು ಒದರುತ್ತಿದ್ದ. ನಾವು ಅವನನ್ನು ದಾಟಿ ಹೋದೆವು.

ಭೀಮಮ್ಮ ಚೀಟಿ ಹಿಡಿದು ಓಡಿ ಬಂದಳು. ಪಕ್ಕದ ಮನೆಯ ಮುದಸ್ಸಿರ್ ಆಟೋ ತೆಗೆದ. ಶಹಾಬಾದಿನಲ್ಲಿ ಒಂದು ಖಾಸಗಿ ದವಾಖಾನೆಯವರು ಅಂಬರೇಶನ ಹೆಂಡತಿ ಎಂದು ತಿಳಿದು ಗೇಟು ತೆಗೆಯಲಿಲ್ಲ. ಅತ್ತೆ ಆ ಗೇಟಿಗೆ ಕಲ್ಲು ಎತ್ತಿದಳು, ಭೀಮಮ್ಮ ಹಿಡಿದುಕೊಂಡಳು. ಅಲ್ಲಿಂದ ವಾಡಿ ದಾಟಿ ಚಿತ್ತಾಪುರಕ್ಕೆ ಹೊರಟೆವು. ಸಿಮೆಂಟ್ ಲಾರಿಗಳ ಸಾಲು, ದಾರಿಯೆಲ್ಲ ತಗ್ಗು. ಒಂದೊಂದು ತಗ್ಗಿಗೂ ಕೂಸು ಬಂದೇ ಬಿಡುತ್ತದೆ ಎಂದು ತೊಡೆ ಬಿಗಿಹಿಡಿದಿದ್ದೆ. ಇಲ್ಲಿನ ಡಾಕ್ಟರ್ ಚೀಟಿ ಓದಿ ಕೂಡಲೇ ಸೂಜಿ ಹಾಕಿದರು. ಹತ್ತೂ ಐವತ್ತು. ನಾನೇ ಗಡಿಯಾರ ನೋಡಿದೆ. ಕೂಸು ಹುಟ್ಟಿದ್ದು ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ.

ಹೆಣ್ಣು. ಎರಡು ದಿನ ಒಂದೊಂದು ಉಸಿರು ಎಣಿಸಿದೆವು, ಮರೆಮ್ಮ ಮತ್ತು ನಾನು, ಸರದಿ ಮೇಲೆ. ಇವತ್ತಿಗೆ ನಾಲ್ಕು ದಿನ. ಮೊಲೆ ಕಚ್ಚಿ ಹಿಡಿಯುತ್ತದೆ, ಬಿಡಿಸಿದರೆ ಬಾಯಿ ಮಾಡುತ್ತದೆ.

ನಿಮ್ಮ ಚೀಟಿ ಈ ಕೂಸನ್ನು ಉಳಿಸಿತು. ನಿಮ್ಮ ಜೇಬಿನ ಹಾಳೆ ಆ ಕೂಸನ್ನು ಕೊಂದಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಬರುವುದಿಲ್ಲ. ಕೋರ್ಟಿನಲ್ಲಿ ಹೊಡೆದದ್ದನ್ನು ಹೇಳಿದ ಹಾಗೇ ಆ ಹಾಳೆಯನ್ನೂ ಹೇಳಿ. ಹೇಳದಿದ್ದರೆ ನಿಮ್ಮ ಕಾಗದ ನಾನು ಕೊಡುತ್ತೇನೆ. ಅದನ್ನು ಸುಟ್ಟಿಲ್ಲ.

ಪ್ರೀತಿ


ಚಿಂಚೋಳಿ
22 ನವೆಂಬರ್ 2024

ಪ್ರೀತಿ,

ಸೋಮವಾರ ಚಿತ್ತಾಪುರ ಕೋರ್ಟಿನಲ್ಲಿ ನೀವು ಹಿಂದಿನ ಬೆಂಚಿನಲ್ಲಿ ಕೂತದ್ದು ನೋಡಿದೆ. ಕೂಸು ನಿಮ್ಮ ಹೆಗಲ ಮೇಲೆ ನಿದ್ದೆ ಹೋಗಿತ್ತು. ನೀವು ಹೆದರಿಸಿದ್ದರಿಂದ ಹೇಳಿದೆ ಎಂದು ತಿಳಿಯಬೇಡಿ ಎಂದು ಬರೆಯಲು ಕೂತೆ. ಆದರೆ ಅದು ಸುಳ್ಳು. ನಿಮ್ಮ ಕಾಗದ ಬಾರದಿದ್ದರೆ ಬಹುಶಃ ಹೇಳುತ್ತಿರಲಿಲ್ಲ.

ಏಟುಗಳನ್ನೆಲ್ಲ ಹೇಳಿ ಮುಗಿಸಿ ಆ ಹಾಳೆ ಹೊರತೆಗೆದಾಗ ನಮ್ಮ ಕಡೆಯ ವಕೀಲರೇ ನನ್ನ ಕೈ ಹಿಡಿಯಲು ಬಂದರು. ನಿಮ್ಮ ಗಂಡನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಕಟಕಟೆ ಹಾರಿ ಬಂದ. ನನ್ನ ಕುತ್ತಿಗೆ ಅವನ ಕೈಗೆ ಸಿಕ್ಕಿತ್ತು. ಇಬ್ಬರು ಪೊಲೀಸರು ಲಾಠಿಯಿಂದ ಅವನ ಬೆನ್ನಿಗೆ ಹೊಡೆಯುತ್ತಿದ್ದರೂ ಬಿಡಲಿಲ್ಲ. ನಾನು ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಆಗ ನೀವು ಎದ್ದು ನಿಂತು ಕೂಗಿದಿರಿ. “ಬಡೀರಿ ಅಂದಾಕಿ ನಾನು, ಸಾಹೇಬ್ರೇ! ಅವತ್ತ ಬಾಯಿ ನಂದು, ಕೈ ಅವಂದು!” ಅವನ ಕೈ ಸಡಿಲಾಯಿತು. ನೆಲಕ್ಕೆ ಕೂತು ನಿಮ್ಮ ಹೆಗಲ ಮೇಲಿದ್ದ ಕೂಸನ್ನೇ ನೋಡಿದ. ಅದು ಎಚ್ಚರಾಗಿ ಅಳುತ್ತಿತ್ತು. ಅವನು ಇಲ್ಲಿಯವರೆಗೆ ಅದನ್ನು ನೋಡಿರಲಿಲ್ಲವಂತೆ, ನಿಜವೇ?

ಇಲ್ಲಿನ ಡಾಕ್ಟರಮ್ಮ ಎಲ್ಲ ಕೇಳಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ, “ಸ್ವಾಬ್ ತೆಗೆಸಿಕೊಳ್ಳೋರು ಇಬ್ಬರು ಕುಂತಾರ, ಬರ್ರಿ” ಎಂದರು. ನಾವು ಬೇಸಿಗೆಯಿಂದ ಮೂವತ್ತಾರು ವಾರದ ಎಲ್ಲರಿಗೂ, ಒಪ್ಪಿದರೆ, ಆ ಹತ್ತಿಯ ಕಡ್ಡಿಯ ಪರೀಕ್ಷೆ ಮಾಡುತ್ತಿದ್ದೇವೆ. ಮಾದರಿಗಳು ಕಲಬುರಗಿಗೆ ಬಸ್ಸಿನಲ್ಲಿ ಹೋಗುತ್ತವೆ. ಇದುವರೆಗೆ ಮೂವತ್ತೆಂಟು ಜನರಲ್ಲಿ ಏಳು ಜನರಿಗೆ ಇತ್ತು. ಏಳು ಕೂಸುಗಳೂ ಬದುಕಿವೆ. ಎಷ್ಟು ದಿನ ನನಗೆ ಈ ಕೆಲಸ ಇರುತ್ತದೋ ಗೊತ್ತಿಲ್ಲ.

ಅಪ್ಪ ಕೋಲು ಹಿಡಿದು ಬಾಗಿಲ ತನಕ ಬರುತ್ತಾರೆ. ಕಟ್ಟೆಗೆ ಬರುವುದಿಲ್ಲ.

ಶಿವರಂಜನಿ


ತೆಂಗಳಿ
9 ಮಾರ್ಚ್ 2025

ಸಿಸ್ಟರ್,

ತೀರ್ಪು ನಿಮಗೂ ತಿಳಿದಿರಬೇಕು. ಅಂಬರೇಶನಿಗೆ ಮೂರು ವರ್ಷ, ವಿಠೋಬಾನಿಗೂ ಅಷ್ಟೇ. ನಿಮ್ಮ ಅಪ್ಪನ ಕೇಸು ಬೇರೆ ನಡೆಯುತ್ತದೆ. ನಾನು ಹೆರಿಗೆಯಾದ ದವಾಖಾನೆಯಿಂದಲೇ ಕೂಸನ್ನು ಕರೆದುಕೊಂಡು ತವರಿಗೆ ಬಂದವಳು, ಇಲ್ಲೇ ಇದ್ದೇನೆ. ಅತ್ತೆಯೂ ಜೊತೆಗೇ ಬಂದಳು. ಮಗನನ್ನು ನೋಡಲು ತಿಂಗಳಿಗೊಮ್ಮೆ ಜೈಲಿಗೆ ಹೋಗುತ್ತಾಳೆ, ಬಂದು ಒಂದು ಹೊತ್ತು ಊಟ ಬಿಡುತ್ತಾಳೆ. ಅವನು ಕೂಸಿನ ಫೋಟೋ ಕೇಳಿದ್ದಾನೆ. ಇನ್ನೂ ಕಳಿಸಿಲ್ಲ.

ಹೋದ ವಾರ ನಿಮ್ಮ ಮೇಲೆ ನರ್ಸಿಂಗ್ ಕೌನ್ಸಿಲ್‌ಗೆ ದೂರು ಕೊಟ್ಟೆ. ಆ ಹಾಳೆಯ ನಕಲು, ನಿಮ್ಮ ಮೇ ತಿಂಗಳ ಕಾಗದದ ನಕಲು ಎರಡನ್ನೂ ಲಗತ್ತಿಸಿದ್ದೇನೆ. ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ. ನಾನೇ ಬರೆದೆ, ನಾನೇ ಸಹಿ ಮಾಡಿದೆ. ನೋಟಿಸ್ ಬಂದಾಗ ಬೇರೆಯವರಿಂದ ತಿಳಿಯಬಾರದೆಂದು ಈಗಲೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ನನ್ನ ತಂಗಿ ಸುನಂದಾಳನ್ನು ಚಿಂಚೋಳಿಯ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಚೊಚ್ಚಲು. ಬರುವ ಬುಧವಾರಕ್ಕೆ ಮೂವತ್ತಾರು ವಾರ. ಅವಳ ಗಂಡನಿಗೆ ಕಲಬುರಗಿಗೆ ಕರೆದೊಯ್ಯಲು ಹೇಳಿದ್ದೆ. ಅವಳು, “ಅಕ್ಕಾ, ನಿನಗ ಯಾರ ಮ್ಯಾಲ ಭರೋಸಾ ಅದ, ಅಲ್ಲಿ ಕಳಿಸು” ಎಂದಳು. ತಾಸುಗಟ್ಟಲೆ ಕೂತು ಯೋಚಿಸಿದೆ.

ಬುಧವಾರ ಹತ್ತರ ಬಸ್ಸಿಗೆ ನಿಮ್ಮಲ್ಲಿಗೆ ಬರುತ್ತಾಳೆ. ಹಸಿರು ಸೀರೆ, ಎಡಗೆನ್ನೆಯ ಮೇಲೆ ಮಚ್ಚೆ. ಬೇರೆ ಯಾರ ಕೈಗೂ ಬಿಡಬೇಡಿ, ಪರೀಕ್ಷೆ ನೀವೇ ಮಾಡಿ. ರಿಪೋರ್ಟ್ ಬಂದ ದಿನವೇ ನೀವೇ ಹಿಡಿದುಕೊಂಡು ಹೋಗಿ ಡಾಕ್ಟರಮ್ಮನ ಎದುರಿಗೆ ನಿಲ್ಲಿ.

ಪ್ರೀತಿ